ಕಾಡು ಬಿಟ್ಟರೆ 15 ಲಕ್ಷ: ಹಕ್ಕು ಮೊದಲೋ, ಹಣ ಮೊದಲೋ?

ಹುಲಿ ಸಂರಕ್ಷಿತ ಕಾಡಿನೊಳಗಿನ ಹಾಡಿ, ಅಂದರೆ ಆದಿವಾಸಿಗಳ ಊರು, ಬಿಟ್ಟು ಹೊರಗೆ ಬಂದರೆ ಈಗ ಸರ್ಕಾರದಿಂದ ಒಂದು ಕುಟುಂಬಕ್ಕೆ 15 ಲಕ್ಷ ರೂಪಾಯಿ. ನಾಗರಹೊಳೆಯ ಜೇನುಕುರುಬರಲ್ಲಿ ಕೆಲವರು ಹೂಂ ಎಂದಿದ್ದಾರೆ, ಕೆಲವರು ಸುತಾರಾಂ ಒಲ್ಲೆ ಎನ್ನುತ್ತಾರೆ. ಕಡತದಲ್ಲಿ ಇದರ ಹೆಸರು ‘ಸ್ವಯಂಪ್ರೇರಿತ ಸ್ಥಳಾಂತರ’.

1972ರಲ್ಲಿ ವನ್ಯಜೀವಿ ಕಾಯ್ದೆ, ಮರುವರ್ಷ ಹುಲಿ ಯೋಜನೆ, 80ರ ದಶಕದಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನ. ಪ್ಯಾಕೇಜಿನ ಮಾತು ಬರುವ ಮೊದಲೇ ಎಷ್ಟೋ ಹಾಡಿಗಳು ಖಾಲಿಯಾಗಿದ್ದವು. ಹೀಗೆ ನೆಲೆ ಕಳೆದುಕೊಂಡ 3,418 ಕುಟುಂಬಗಳನ್ನು ಹೈಕೋರ್ಟ್ ನೇಮಿಸಿದ ಮುಜಫರ್ ಅಸಾದಿ ಸಮಿತಿ 2014ರ ವರದಿಯಲ್ಲಿ ಗುರುತಿಸಿತು. ಬಹಳ ಮಂದಿ ಕೊಡಗಿನ ಕಾಫಿ ತೋಟಗಳ ಲೈನ್ ಮನೆ, ಅಂದರೆ ಕಾರ್ಮಿಕರ ಸಾಲುಮನೆ, ಸೇರಿದ್ದರು.

ಹಣದ ಲೆಕ್ಕ ದೊಡ್ಡದಾದದ್ದು 2008ರಲ್ಲಿ. ಕುಟುಂಬಕ್ಕೆ 1 ಲಕ್ಷ ಇದ್ದದ್ದು 10 ಲಕ್ಷವಾಯಿತು, 2021ರಲ್ಲಿ 15. ದಾರಿ ಎರಡು. ಪೂರ್ತಿ ನಗದು ಪಡೆದು ತಮ್ಮ ಪಾಡು ತಾವು ನೋಡಿಕೊಳ್ಳುವುದು ಒಂದು. ಅದೇ ಮೊತ್ತದಲ್ಲಿ ಇಲಾಖೆಯಿಂದ ಜಮೀನು, ಮನೆ, ರಸ್ತೆ, ನೀರು ಮಾಡಿಸಿಕೊಳ್ಳುವುದು ಇನ್ನೊಂದು. 18 ದಾಟಿದ ಮಗನಿಗೆ ಮದುವೆ ಆಗಿರಲಿ, ಬಿಡಲಿ, ಅವನದೇ ಬೇರೆ ಕುಟುಂಬ. ಇಬ್ಬರು ದೊಡ್ಡ ಮಕ್ಕಳಿದ್ದರೆ ಒಂದೇ ಗುಡಿಸಲಿಗೆ ಮೂರು ಪ್ಯಾಕೇಜ್. ಅಪ್ಪ ಒಲ್ಲೆ ಎಂದರೂ ಮಗ ಹೂಂ ಎನ್ನಬಹುದು. ಆದರೆ ಜೇನು ಕೀಳುವ ಮರ, ದೇವರ ಜಾಗ, ಹಿರಿಯರ ಸಮಾಧಿ ಇವೆಲ್ಲ ಇಡೀ ಹಾಡಿಗೆ ಸೇರಿದ್ದು. ಅದನ್ನು ತಲೆಗಿಷ್ಟು ಅಂತ ಪಾಲು ಹಾಕೋದು ಹೇಗೆ?

2006ರ ಅರಣ್ಯ ಹಕ್ಕು ಕಾಯ್ದೆ ಇದನ್ನೇ ಯೋಚಿಸಿತ್ತು ಅನ್ನಿಸುತ್ತದೆ. ಮೊದಲು ಹಕ್ಕು ಗುರುತಿಸಬೇಕು. ಹುಲಿಯೂ ಜನರೂ ಒಟ್ಟಿಗಿರಲು ಬೇರೆ ದಾರಿಯೇ ಇಲ್ಲ ಎಂದು ಖಚಿತವಾಗಬೇಕು. ಗ್ರಾಮಸಭೆ ತಿಳಿದು, ಒತ್ತಡವಿಲ್ಲದೆ, ಬರಹದಲ್ಲಿ ಒಪ್ಪಬೇಕು. ಹೋಗುವ ಜಾಗ ಸಿದ್ಧವಾಗುವ ತನಕ ಯಾರನ್ನೂ ಕದಲಿಸುವಂತಿಲ್ಲ.

ಈ ಕ್ರಮ ತಲೆಕೆಳಗಾದರೆ ಹಣದ ಅರ್ಥವೇ ಬದಲಾಗುತ್ತದೆ. ಹಕ್ಕುಪತ್ರ ಕೈಯಲ್ಲಿದ್ದವರಿಗೆ 15 ಲಕ್ಷ ಒಂದು ಆಯ್ಕೆ, ಬೇಕಾದರೆ ಜಾಸ್ತಿ ಕೇಳಬಹುದು. ಕರೆಂಟಿಲ್ಲದೆ, ಕಿರು ಅರಣ್ಯ ಉತ್ಪನ್ನಕ್ಕೂ ತಡೆ ಬಿದ್ದು, ಇವತ್ತೋ ನಾಳೆಯೋ ಎಬ್ಬಿಸುತ್ತಾರೆ ಎಂಬ ಭಯದಲ್ಲಿ ಹಾಕಿದ ಹೆಬ್ಬೆಟ್ಟನ್ನು ಒಪ್ಪಿಗೆ ಅನ್ನೋದು ಕಷ್ಟ ಅಲ್ವಾ? ಮಕ್ಕಳ ಶಾಲೆ, ಆಸ್ಪತ್ರೆ ಬೇಕೆಂದು ಮನಸಾರೆ ಹೊರಟವರೂ ಇದ್ದಾರೆ. ಅವರ ನಿರ್ಧಾರವನ್ನೂ ಗೌರವಿಸಬೇಕು. ಸುಮ್ನೆ ಕಾಡಿನಲ್ಲೇ ಇರಿ ಅನ್ನುವ ಹಕ್ಕು ನಮಗೂ ಇಲ್ಲ.

ಜೂನ್ 2024ರಲ್ಲಿ ಕೇಂದ್ರದ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ರಾಜ್ಯಗಳಿಗೆ ಪತ್ರ ಬರೆದು, ದೇಶದ ಹುಲಿ ಕಾಡುಗಳ ಒಳಭಾಗದಲ್ಲಿ ಉಳಿದಿರುವ 591 ಊರುಗಳ 64,801 ಕುಟುಂಬಗಳ ಸ್ಥಳಾಂತರಕ್ಕೆ ಕಾಲಮಿತಿ ಕೇಳಿತು. ಮರುವರ್ಷ ಮೇನಲ್ಲಿ 52 ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿಗೆ ಹಿಂತಿರುಗಿ ಗುಡಿಸಲು ಕಟ್ಟಿದವು. ಅವರು ಕೇಳಿದ್ದು ಹಕ್ಕುಪತ್ರ.