ಮಲೇರಿಯಾ ಜ್ವರ ಇಳಿದ ಮೇಲೂ ಜಿ6ಪಿಡಿ ಪರೀಕ್ಷೆ ಏಕೆ?

ಪ್ರಶ್ನೆ: ನನ್ನ ತಮ್ಮನಿಗೆ ವೈವ್ಯಾಕ್ಸ್ ಮಲೇರಿಯಾ ಬಂದಿತ್ತು. ಮೂರು ದಿನದ ಮಾತ್ರೆಯಲ್ಲಿ ಜ್ವರ ಇಳಿಯಿತು. ಇನ್ನು 14 ದಿನ ಪ್ರಿಮಾಕ್ವಿನ್ ತೆಗೆದುಕೊಳ್ಳಬೇಕು, ಅದಕ್ಕೆ ಮೊದಲು ಜಿ6ಪಿಡಿ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳಿದ್ದಾರೆ. ಇದು ಅಗತ್ಯವೇ? (ಓದುಗರು, ಮಂಗಳೂರು)

ಉತ್ತರ: ಅಗತ್ಯವಿದೆ, ದಯವಿಟ್ಟು ಮಾಡಿಸಿ. ಜ್ವರ ಇಳಿಸುವ ಕ್ಲೋರೋಕ್ವಿನ್ ರಕ್ತದಲ್ಲಿರುವ ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ವೈವ್ಯಾಕ್ಸ್ ರೋಗಾಣುಗಳಲ್ಲಿ ಕೆಲವು ಯಕೃತ್ತಿನಲ್ಲಿ ಸುಪ್ತವಾಗಿ ಉಳಿದು, ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಹೊಸದಾಗಿ ಸೊಳ್ಳೆ ಕಚ್ಚದೆಯೇ ಮತ್ತೆ ಜ್ವರ ತರಬಲ್ಲವು. ಮಳೆಗಾಲದಲ್ಲಿ ಕಟ್ಟಡ ಕಾಮಗಾರಿಯ ಸ್ಥಳಗಳಲ್ಲಿ ನೀರು ನಿಂತು ಸೊಳ್ಳೆ ಹೆಚ್ಚುವ ಮಂಗಳೂರಿನಲ್ಲಿ ಹೀಗೆ ಮರುಕಳಿಸಿದ ಜ್ವರವನ್ನು ಹೊಸ ಸೋಂಕೆಂದು ತಿಳಿಯುವುದು ಸುಲಭ. ಅಡಗಿದ ರೋಗಾಣುವನ್ನು ನಾಶಪಡಿಸಲೆಂದೇ ಪ್ರಿಮಾಕ್ವಿನ್ ಕೊಡುವುದರಿಂದ ಅದನ್ನು ಅರ್ಧಕ್ಕೆ ಬಿಡಬಾರದು.

ತೊಡಕಿರುವುದು ಕೆಲವರ ಕೆಂಪು ರಕ್ತಕಣಗಳಲ್ಲಿ. ಆ ಕಣಗಳನ್ನು ಆಕ್ಸಿಡೀಕರಣದ ಹಾನಿಯಿಂದ ಕಾಯುವ ಕಿಣ್ವವೇ ಜಿ6ಪಿಡಿ. ಅದರ ಕೊರತೆಯೊಂದಿಗೆ ಹುಟ್ಟಿದವರು ಜಗತ್ತಿನಲ್ಲಿ ಸುಮಾರು 40 ಕೋಟಿ ಮಂದಿ ಇದ್ದಾರೆಂಬ ಅಂದಾಜಿದೆ. ಬಹುತೇಕರು ಯಾವ ತೊಂದರೆಯೂ ಕಾಣದೆ ಬದುಕುತ್ತಾರೆ. ಅಂಥವರು ಪ್ರಿಮಾಕ್ವಿನ್ ಸೇವಿಸಿದರೆ ರಕ್ತಕಣಗಳು ಒಡೆಯತೊಡಗಿ, ಕೆಲವೊಮ್ಮೆ ರಕ್ತ ಕೊಡಬೇಕಾಗುವಷ್ಟು ತೀವ್ರ ರಕ್ತಹೀನತೆ ಬರುತ್ತದೆ. ಇದಕ್ಕೆ ಈ ಕಿಣ್ವದ ಕೊರತೆಯೇ ಕಾರಣವೆಂದು ಅಮೆರಿಕದ ಸಂಶೋಧಕರು 1956ರಲ್ಲಿ ತೋರಿಸಿಕೊಟ್ಟರು.

ಈ ಕಿಣ್ವದ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡುಮಕ್ಕಳಿಗೆ ಇರುವ ಒಂದೇ ಎಕ್ಸ್ ತಾಯಿಯಿಂದ ಬರುವುದರಿಂದ ವಿಚಾರಿಸಬೇಕಾದದ್ದು ತಾಯಿಯ ಕಡೆಯವರನ್ನು, ಅದರಲ್ಲೂ ಸೋದರಮಾವಂದಿರನ್ನು: ಯಾವುದಾದರೂ ಮಾತ್ರೆ ತೆಗೆದುಕೊಂಡ ಮೇಲೆ ಕಾಮಾಲೆ ಬಂದಿತ್ತೇ, ರಕ್ತ ಕಡಿಮೆಯಾಗಿತ್ತೇ? ಅಳಿಯಕಟ್ಟಿನ ಸಂಬಂಧಗಳು ಇನ್ನೂ ನೆನಪಿರುವ ನಮ್ಮ ಕರಾವಳಿಯ ಮನೆಗಳಲ್ಲಿ ಇದನ್ನು ಕೇಳಿ ತಿಳಿಯುವುದು ಕಷ್ಟವಲ್ಲ. ಆದರೆ ಯಾರಿಗೂ ಏನೂ ಆಗಿಲ್ಲವೆಂಬ ಉತ್ತರವನ್ನು ನಂಬಿ ಪರೀಕ್ಷೆ ಬಿಡಬೇಡಿ.

ಪರೀಕ್ಷೆಗೆ ಸ್ವಲ್ಪವೇ ರಕ್ತ ಸಾಕು. ಒಂದು ವಿಧಾನದಲ್ಲಿ ರಕ್ತವನ್ನು ರಾಸಾಯನಿಕದೊಂದಿಗೆ ಬೆರೆಸಿ, ಕಾಗದದ ಮೇಲೆ ಹನಿಸಿ, ನೇರಳಾತೀತ ಬೆಳಕಿನಡಿ ನೋಡುತ್ತಾರೆ. ಕಿಣ್ವವಿದ್ದರೆ ಆ ಚುಕ್ಕೆ ಹೊಳೆಯುತ್ತದೆ, ಕೊರತೆಯಿದ್ದರೆ ಕಪ್ಪಾಗಿಯೇ ಉಳಿಯುತ್ತದೆ. ಭಾಗಶಃ ಕೊರತೆಯಿರುವ ಮಹಿಳೆಯರು ಈ ವಿಧಾನದಲ್ಲಿ ತಪ್ಪಿಹೋಗಬಹುದಾದ್ದರಿಂದ ಅವರಿಗೆ ಕಿಣ್ವದ ಪ್ರಮಾಣವನ್ನೇ ಅಳೆಯುವ ಪರೀಕ್ಷೆ ಮೇಲು. ಇತ್ತೀಚೆಗೆ ರಕ್ತ ಪಡೆದಿದ್ದರೆ ಅಥವಾ ರಕ್ತಕಣಗಳು ಆಗಲೇ ಒಡೆದಿದ್ದರೆ ಫಲಿತಾಂಶ ತಪ್ಪಾಗಿ ಸಹಜವೆಂದು ಬರಬಹುದು, ಏಕೆಂದರೆ ಹೊಸ ಕಣಗಳಲ್ಲಿ ಈ ಕಿಣ್ವ ಹೆಚ್ಚಿರುತ್ತದೆ. ಮಾತ್ರೆಗೆ ಮೊದಲೇ ಪರೀಕ್ಷೆ ಎನ್ನುವುದು ಇದಕ್ಕಾಗಿಯೂ ಹೌದು. ವರದಿಗಾಗಿ ಒಂದೆರಡು ದಿನ ಕಾದರೆ ನಷ್ಟವಿಲ್ಲ.

ಕೊರತೆ ಕಂಡುಬಂದರೆ ದಿನವೂ ಕೊಡುವ ಬದಲು ವಾರಕ್ಕೊಮ್ಮೆಯಂತೆ 8 ವಾರ ಪ್ರಿಮಾಕ್ವಿನ್ ಕೊಡುವ ಕ್ರಮವನ್ನು ವೈದ್ಯರು ತಮ್ಮ ನಿಗಾದಲ್ಲಿ ಪರಿಗಣಿಸಬಹುದು. ಇದನ್ನು ಮನೆಯಲ್ಲಿ ತೀರ್ಮಾನಿಸುವಂತಿಲ್ಲ.

ವರದಿ ಸಹಜವಿದ್ದರೂ ಮೊದಲ ವಾರ ತಮ್ಮನ ಮೂತ್ರದ ಬಣ್ಣ ಗಮನಿಸುತ್ತಿರಿ. ಅದು ಹಾಲು ಹಾಕದ ಕಡು ಚಹಾದಂತೆ ಕಂಡರೆ, ಕಣ್ಣು ಹಳದಿಯಾದರೆ ಅಥವಾ ಏದುಸಿರು ಬಂದರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೊರತೆಯಿದೆಯೆಂದು ತಿಳಿದರೆ ಆ ವರದಿ ಜೀವನಪರ್ಯಂತ ಬೇಕಾಗುತ್ತದೆ: ಡ್ಯಾಪ್ಸೋನ್, ನೈಟ್ರೋಫ್ಯುರಾಂಟೋಯಿನ್‌ನಂತಹ ಔಷಧಿಗಳನ್ನು ಬರೆದುಕೊಡುವ ಯಾವ ವೈದ್ಯರಿಗೂ ಅದನ್ನು ತೋರಿಸಬೇಕು.