ಅಮೋನಿಯ ಕಾರ್ಖಾನೆಯಲ್ಲಿ ಬಹುಪಾಲು ಕೆಲಸ ಹೈಡ್ರೋಜನ್‌ನದೇ

ಅಮೋನಿಯ ತಯಾರಿಕೆಯೆಂದರೆ ಸಾಮಾನ್ಯವಾಗಿ ಎಲ್ಲರ ನೆನಪಿಗೆ ಬರುವುದು ಫ್ರಿಟ್ಸ್ ಹೇಬರ್ 1909ರಲ್ಲಿ ಪ್ರಯೋಗಾಲಯದಲ್ಲಿ ಸಾಧಿಸಿ ತೋರಿಸಿದ, ಕಾರ್ಲ್ ಬಾಷ್ 1913ರಲ್ಲಿ ಜರ್ಮನಿಯ ಒಪ್ಪೌನಲ್ಲಿ ಕಾರ್ಖಾನೆಯ ಮಟ್ಟಕ್ಕೆ ತಂದ ಸಂಶ್ಲೇಷಣೆ, ಅಂದರೆ ಸಾರಜನಕ ಮತ್ತು ಹೈಡ್ರೋಜನ್ ಕೂಡಿಸಿ ಅಮೋನಿಯ ಮಾಡುವ ವರ್ತನೆ. ಆದರೆ ಇಂಥ ಸ್ಥಾವರದೊಳಗೆ ಕೆಲಸ ಮಾಡುವವರಿಗೆ ಬೇಗನೆ ತಿಳಿಯುವ ಸಂಗತಿಯೆಂದರೆ, ಅಲ್ಲಿನ ಉಪಕರಣಗಳಲ್ಲಿ ಹೆಚ್ಚಿನವು ಇರುವುದು ಹೈಡ್ರೋಜನ್ ತಯಾರಿಸಿ ಶುದ್ಧಗೊಳಿಸುವುದಕ್ಕೆ.

ನೈಸರ್ಗಿಕ ಅನಿಲದಿಂದ ಮೊದಲು ಗಂಧಕವನ್ನು ತೆಗೆಯಬೇಕು, ಇಲ್ಲವಾದರೆ ಮುಂದಿನ ಹಂತದ ನಿಕ್ಕಲ್ ವೇಗವರ್ಧಕ ನಿಷ್ಕ್ರಿಯವಾಗುತ್ತದೆ. ಅನಂತರ ಪ್ರಾಥಮಿಕ ರಿಫಾರ್ಮರ್ ಎಂಬ ಕುಲುಮೆಯ ಕಾದ ಕೊಳವೆಗಳಲ್ಲಿ ಆ ಅನಿಲದ ಮುಖ್ಯ ಅಂಶವಾದ ಮೀಥೇನು ಉಗಿಯೊಡನೆ ವರ್ತಿಸಿ ಹೈಡ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಕೊಡುತ್ತದೆ. ಇಡೀ ವಿನ್ಯಾಸದಲ್ಲಿ ನಾನು ಬಹಳವಾಗಿ ಮೆಚ್ಚುವುದು ಇದರ ನಂತರದ ದ್ವಿತೀಯಕ ರಿಫಾರ್ಮರನ್ನು: ಅಲ್ಲಿಗೆ ಅಳೆದು ಬಿಡುವ ಗಾಳಿಯ ಆಮ್ಲಜನಕ ಉರಿದು ಉಳಿದ ಮೀಥೇನಿನ ಪರಿವರ್ತನೆಗೆ ಬೇಕಾದ ಶಾಖ ಒದಗಿಸಿದರೆ, ಅದೇ ಗಾಳಿಯ ಸಾರಜನಕ ಅಮೋನಿಯಕ್ಕೆ ಬೇಕಾದ ಪ್ರಮಾಣದಲ್ಲಿ ಅನಿಲದೊಳಗೆ ಸೇರಿಕೊಳ್ಳುತ್ತದೆ.

ಮುಂದಿನದು ಶುದ್ಧೀಕರಣ. ಕಾರ್ಬನ್ ಮಾನಾಕ್ಸೈಡನ್ನು ಉಗಿಯ ಸಹಾಯದಿಂದ ಕಾರ್ಬನ್ ಡೈಆಕ್ಸೈಡಾಗಿಸಿ, ಅದನ್ನು ದ್ರಾವಣದಲ್ಲಿ ಹೀರಿಸಿ ಬೇರ್ಪಡಿಸುತ್ತಾರೆ. ಇವೆರಡರ ಅಲ್ಪ ಶೇಷವೂ ಸಂಶ್ಲೇಷಣೆಯ ಕಬ್ಬಿಣದ ವೇಗವರ್ಧಕಕ್ಕೆ ವಿಷವಾದ್ದರಿಂದ, ಅದನ್ನು ಮತ್ತೆ ಮೀಥೇನಾಗಿ ಬದಲಿಸಲಾಗುತ್ತದೆ. ಕಷ್ಟಪಟ್ಟು ಮುರಿದ ಮೀಥೇನನ್ನು ಒಂದಿಷ್ಟು ಹೈಡ್ರೋಜನ್ ವ್ಯಯಿಸಿ ಪುನಃ ಕಟ್ಟುವುದು ವಿಚಿತ್ರವೆನಿಸಬಹುದು, ಆದರೆ ವೇಗವರ್ಧಕ ವರ್ಷಗಟ್ಟಲೆ ಬಾಳಲು ತೆರಲೇಬೇಕಾದ ಬೆಲೆ ಅದು.

ಸಂಶ್ಲೇಷಣೆಯ ವರ್ತನೆ ಶಾಖವನ್ನು ಹೊರಹಾಕುವಂಥದ್ದಾದ್ದರಿಂದ ಕಡಿಮೆ ಉಷ್ಣತೆಯಲ್ಲೇ ಹೆಚ್ಚು ಇಳುವರಿ ಸಾಧ್ಯ. ಆದರೆ ಸಾರಜನಕದ ತ್ರಿಬಂಧ ಎಷ್ಟು ಬಿಗಿಯೆಂದರೆ, 400ರಿಂದ 500 ಡಿಗ್ರಿ ಸೆಲ್ಸಿಯಸ್ ಇಲ್ಲದೆ ಸಾಕಷ್ಟು ವೇಗ ಬಾರದು. ಆ ಉಷ್ಣತೆಯಲ್ಲಿ ಕುಗ್ಗುವ ಇಳುವರಿಯನ್ನು ಸರಿದೂಗಿಸಲು 100ರಿಂದ 250 ಬಾರ್ ಒತ್ತಡ ಬೇಕಾಗುತ್ತದೆ. ಹಾಗಿದ್ದರೂ ಒಂದು ಸುತ್ತಿಗೆ ಸುಮಾರು ಶೇ. 15ರಿಂದ 20ರಷ್ಟು ಮಾತ್ರ ಅಮೋನಿಯವಾಗುತ್ತದೆ. ಅದನ್ನು ತಣಿಸಿ ದ್ರವವಾಗಿಸಿ ತೆಗೆದು, ಉಳಿದ ಅನಿಲವನ್ನು ಸಂಶ್ಲೇಷಣೆ ನಡೆಯುವ ಪಾತ್ರೆಯಾದ ಕನ್ವರ್ಟರಿಗೆ ಮತ್ತೆ ಕಳಿಸಲಾಗುತ್ತದೆ.

ನೀರಿನ ವಿದ್ಯುದ್ವಿಭಜನೆಯಿಂದ ಹೈಡ್ರೋಜನ್ ಪಡೆಯುವ ಹಸಿರು ಅಮೋನಿಯದ ಚರ್ಚೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅಲ್ಲಿ ಸಂಶ್ಲೇಷಣೆಯ ಸುತ್ತು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ, ಮುಂಚಿನ ಭಾಗವಷ್ಟೇ ಮಾಯವಾಗುತ್ತದೆ. ಅದರೊಡನೆ ಕಾರ್ಬನ್ ಡೈಆಕ್ಸೈಡೂ ಇಲ್ಲವಾಗುತ್ತದೆಂಬುದನ್ನು ಹಲವರು ಗಮನಿಸುವುದಿಲ್ಲ. ಶೇ. 46ರಷ್ಟು ಸಾರಜನಕವಿರುವ ಯೂರಿಯಾ ತಯಾರಾಗುವುದು ಅಮೋನಿಯ ಮತ್ತು ಆ ಕಾರ್ಬನ್ ಡೈಆಕ್ಸೈಡಿನಿಂದಲೇ, ಮಣ್ಣಿನಲ್ಲಿ ಯೂರಿಯಾ ಒಡೆದಾಗ ಅದು ಮತ್ತೆ ಗಾಳಿಗೆ ಸೇರುತ್ತದೆ. ಆದ್ದರಿಂದ ಹಸಿರು ಸ್ಥಾವರವನ್ನು ಯೋಜಿಸುವವರು ಯೂರಿಯಾಕ್ಕೆ ಇಂಗಾಲದ ಬೇರೊಂದು ಮೂಲವನ್ನು ಹುಡುಕಬೇಕು, ಇಲ್ಲವೇ ಇಂಗಾಲವೇ ಬೇಡದ ಅಮೋನಿಯಂ ನೈಟ್ರೇಟಿನಂಥ ಗೊಬ್ಬರಗಳತ್ತ ಹೊರಳಬೇಕು. ಈ ಆಯ್ಕೆಯನ್ನು ವಿನ್ಯಾಸದ ಆರಂಭದಲ್ಲೇ ಮಾಡಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.