ಡಬ್ಬಿಯಲ್ಲಿ ಗುಲಾಬಿ, ಕೆನ್ನೆ ಮೇಲೆ ಬೂದಿ

ಕೆನ್ನೆಗೆ ಹಚ್ಚುವ ಬಣ್ಣ, ಅಂದರೆ ಬ್ಲಶ್, ಬೇಡವೇ ಬೇಡ ಅನ್ನುವ ಹುಡುಗಿಯರಲ್ಲಿ ಹೆಚ್ಚಿನವರು ಯಾವತ್ತೋ ಒಮ್ಮೆ ತಿಳಿ ಗುಲಾಬಿ ಬಣ್ಣ ಹಚ್ಚಿಕೊಂಡು ಕನ್ನಡಿ ನೋಡಿ ಬೇಜಾರಾದವರು. "ನಮ್ಮ ಬಣ್ಣಕ್ಕ ಅದೆಲ್ಲ ಒಪ್ಪಂಗಿಲ್ರೀ ಅಕ್ಕ" ಅಂತ ಮೊದಲೇ ಹೇಳಿ ಕುರ್ಚಿ ಮೇಲೆ ಕೂರುತ್ತಾರೆ. ಬಳ್ಳಾರಿಯ ನನ್ನ ಪಾರ್ಲರಿನಲ್ಲಿ ಇದು ದಿನದ ಮಾತು. ತಪ್ಪು ಅವರ ಬಣ್ಣದ್ದಲ್ಲ, ಡಬ್ಬಿಯದು.

ತಿಳಿ ಗುಲಾಬಿ ಬರಬೇಕಾದರೆ ಕೆಂಪಿಗೆ ಬಿಳಿ ಸೇರಿಸಬೇಕು. ಆ ಬಿಳಿ ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡ್. ತೀರಾ ಬೆಳ್ಳಗಿನ ಚರ್ಮದ ಮೇಲೆ ಅದು ಕಾಣುವುದಿಲ್ಲ. ಎಣ್ಣೆಗೆಂಪು, ಕಪ್ಪು ಚರ್ಮದ ಮೇಲೆ ಕೆಂಪಿಗಿಂತ ಮೊದಲು ಬಿಳಿಯೇ ಎದ್ದು ಕಾಣುತ್ತದೆ, ಕೆನ್ನೆಗೆ ವಿಭೂತಿ ತಾಗಿಸಿಕೊಂಡ ಹಾಗೆ. ನಮ್ಮ ಕಡೆಯ ಮುಖಕ್ಕೆ ಬಿಳಿ ಕಡಿಮೆ ಇರುವ ಬಣ್ಣ ಬೇಕು. ಎಣ್ಣೆಗೆಂಪಿನವರಿಗೆ ಹವಳದ ಬಣ್ಣ, ಇಟ್ಟಿಗೆ ಕೆಂಪು. ಕಪ್ಪಗಿರುವವರಿಗೆ ಟೆರಾಕೋಟಾ ಅಂದರೆ ಸುಟ್ಟ ಮಣ್ಣಿನ ಬಣ್ಣ, ನೇರಳೆ ಹಣ್ಣಿನ ಬಣ್ಣ, ಗಾಢ ರಾಣಿ ಬಣ್ಣ. ಡಬ್ಬಿಯಲ್ಲಿ ನೋಡಿದರೆ "ಅಯ್ಯೋ, ಇಷ್ಟು ಗಾಢಾನಾ?" ಅನ್ನಿಸುತ್ತದೆ. ಅನ್ನಿಸಲಿ ಬಿಡಿ. ಬಣ್ಣ ಗಾಢ ಇದ್ದು ಕೈ ಹಗುರ ಇದ್ದರೆ ಸಾಕು.

ಅಂದ ಹಾಗೆ, ಈ ಇಟ್ಟಿಗೆ ಕೆಂಪು ನಮಗೆ ಹೊಸದೇನಲ್ಲ. ಪ್ಯಾಕೆಟ್ ಹಿಂದಿನ ಪಟ್ಟಿಯಲ್ಲಿ ಸಿಐ 77491 ಅಂತ ಬಣ್ಣದ ಕೋಡ್ ಇದ್ದರೆ ಅದು ಕೆಂಪು ಐರನ್ ಆಕ್ಸೈಡ್. ಸಂಡೂರಿನ ಹೆಮಟೈಟ್ ಅದಿರಿನಲ್ಲಿ ಇರುವುದೂ ಅದೇ. ಮೇಕಪ್ಪಿಗೆ ಬಳಸುವುದನ್ನು ಮಾತ್ರ ಫ್ಯಾಕ್ಟರಿಯಲ್ಲಿ ಶುದ್ಧವಾಗಿ ತಯಾರಿಸುತ್ತಾರೆ. ಅದೇ ಪಟ್ಟಿಯಲ್ಲಿ ಸಿಐ 75470 ಕಂಡರೆ ಅದು ಕಾರ್ಮೈನ್, ಒಂದು ಜಾತಿಯ ಹುಳುವಿನಿಂದ ತೆಗೆದ ಕೆಂಪು. ಕಟ್ಟಾ ಸಸ್ಯಾಹಾರಿ ಮನೆಯವರಿಗೆ ನಾನು ಇದನ್ನು ಹಚ್ಚುವ ಮೊದಲೇ ಹೇಳಿಬಿಡುತ್ತೇನೆ. ಇನ್ನೊಂದು ತಮಾಷೆ ನೋಡಿ. ರಾಯಚೂರು, ಕೊಪ್ಪಳದ ಎರೆ ಹೊಲದಲ್ಲಿ ನಾವು ಎಣ್ಣೆಗೆಂದು ಬೆಳೆಯುವ ಕುಸುಬೆ ಇದೆಯಲ್ಲ, ಜಪಾನಿನವರು ಅದರ ಹೂವಿನ ಎಸಳಿನಿಂದಲೇ ತುಟಿಗೆ, ಕೆನ್ನೆಗೆ ಕೆಂಪು ಮಾಡಿಕೊಂಡರು.

ಕುಂಕುಮವನ್ನೇ ಬೆರಳಿಗೆ ತಾಗಿಸಿ ಕೆನ್ನೆಗೆ ಒರೆಸಿಕೊಳ್ಳುವವರೂ ಇದ್ದಾರೆ. ಬೇಡ. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಕುಂಕುಮ ಅರಿಶಿನ, ಸುಣ್ಣ ಸೇರಿಸಿ ಮಾಡಿದ್ದಲ್ಲ, ಕೃತಕ ಬಣ್ಣದ್ದು. ಕುಂಕುಮ ಇಡುವ ಜಾಗವೇ ಕಪ್ಪಾಗಿರುವ ಹಣೆ ನೋಡಿದ್ದೀರಲ್ವಾ?

ಅಂಗಡಿಯಲ್ಲಿ ಬಣ್ಣ ನೋಡುವಾಗ ಮುಂಗೈ ಮೇಲೆ ತಿಕ್ಕಿಕೊಂಡು ಸುಮ್ನೆ ಮೋಸ ಹೋಗಬೇಡಿ. ಸ್ಕೂಟಿ ಓಡಿಸುವವರ ಮುಂಗೈ ಮುಖಕ್ಕಿಂತ ಕಪ್ಪಾಗಿರುತ್ತದೆ. ದವಡೆ ಹತ್ತಿರ ಒಂದು ಚೂರು ಹಚ್ಚಿ, ಬಾಗಿಲಿಗೆ ಬಂದು ಬಿಸಿಲ ಬೆಳಕಲ್ಲಿ ನೋಡಿ. ಬ್ಯಾಂಗಲ್ ಸ್ಟೋರಿನ ಟ್ಯೂಬ್‌ಲೈಟಿನಲ್ಲಿ ಎಲ್ಲಾ ಬಣ್ಣವೂ ಚಂದವೇ. ಕೈ ನರ ಹಸಿರೋ ನೀಲಿಯೋ ನೋಡಿ ಬಣ್ಣ ಆರಿಸಿ ಅಂತ ವೀಡಿಯೊಗಳಲ್ಲಿ ಹೇಳುತ್ತಾರೆ. ಕಪ್ಪು ಚರ್ಮದಲ್ಲಿ ನರ ಕಂಡರೆ ತಾನೆ? ಅದಕ್ಕಿಂತ ಕೆಳತುಟಿ ಒಳಗಡೆಯ ಬಣ್ಣ ನೋಡಿಕೊಳ್ಳಿ. ಅದಕ್ಕೆ ಹತ್ತಿರದ ಬ್ಲಶ್ ಬಹಳ ಮಂದಿಗೆ ಹೊಂದುತ್ತದೆ.

ಎಣ್ಣೆ ಚರ್ಮದವರಿಗೆ ಪೌಡರ್ ಬ್ಲಶ್, ಒಣ ಚರ್ಮದವರಿಗೆ ಕ್ರೀಮ್. ಆದರೆ 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಬರೀ ಕ್ರೀಮ್ ನಂಬಿದರೆ ಮಧ್ಯಾಹ್ನದೊಳಗೆ ಜಾರಿ ಹೋಗುತ್ತದೆ. ತೆಳುವಾಗಿ ಕ್ರೀಮ್, ಮೇಲೆ ಚೂರು ಪೌಡರ್, ಆಮೇಲೆ ಅದೇ ಬಣ್ಣದ ಪೌಡರ್ ಬ್ಲಶ್. ಪೌಡರ್ ಹಚ್ಚಿದ ಮೇಲೆ ಕ್ರೀಮ್ ಹಚ್ಚಿದಿರೋ, ಮುಖ ತೇಪೆ ತೇಪೆ. ಸನ್‌ಸ್ಕ್ರೀನ್ ಮೊದಲೇ ಹಚ್ಚಿ, ಅದು ಕೂರುವ ತನಕ ತಡೆಯಿರಿ. ಮೇಲೆ ತಿಕ್ಕಬೇಡಿ, ತಟ್ಟಿ. ಬೆವರು ಬಂದರೂ ಅಷ್ಟೇ, ಕರ್ಚೀಫ್ ಒತ್ತಿ ತೆಗೆಯಿರಿ.

ಎಲ್ಲಿ ಹಚ್ಚಬೇಕು ಅನ್ನುವುದರಲ್ಲೇ ಜಾಸ್ತಿ ಎಡವಟ್ಟು. ನಕ್ಕು, ಉಬ್ಬಿದ ಕೆನ್ನೆಗೆ ಹಚ್ಚಿ ಅನ್ನುವುದು ಹಳೆಯ ಪಾಠ. ನಗು ನಿಂತಾಗ ಆ ಬಣ್ಣ ಕೆಳಗೆ ಜಾರಿ ಬಾಯಿ ಹತ್ತಿರ ಕೂರುತ್ತದೆ, ಮುಖ ಸೋತ ಹಾಗೆ ಕಾಣುತ್ತದೆ. ಮುಖ ಸುಮ್ಮನಿಟ್ಟು, ಮೂಗಿನಿಂದ ಎರಡು ಬೆರಳು ಬಿಟ್ಟು, ಕೆನ್ನೆ ಮೂಳೆ ಹಿಡಿದು ಕಿವಿಯ ಕಡೆ ಮೇಲಕ್ಕೆ ಬಣ್ಣ ಇರಲಿ. ಬ್ರಷ್ ಅದ್ದಿದ ಮೇಲೆ ಒಮ್ಮೆ ಕೊಡವಿ. ಮೊದಲ ಸಲ ಬ್ರಷ್ ತಾಗುವ ಜಾಗದಲ್ಲೇ ಬಣ್ಣ ಹೆಚ್ಚು ಕೂರುತ್ತದೆ, ಅದಕ್ಕೇ ಹೊರಗಡೆಯಿಂದ, ಅಂದರೆ ಕಿವಿ ಕಡೆಯಿಂದ ಶುರು ಮಾಡಿ. ಬಂಗು ಇರುವ ಅಮ್ಮಂದಿರು ಕಂದು ಛಾಯೆಯ ಬ್ಲಶ್ ಬಿಡಿ, ಬಂಗು ಇನ್ನಷ್ಟು ದಟ್ಟವಾಗಿ ಕಾಣುತ್ತದೆ. ಹವಳದ ಬಣ್ಣ ತಗೊಂಡು ಕಲೆಗಿಂತ ಮೇಲೆ ಹಚ್ಚಿ. ಮೊಡವೆಯ ಗುಳಿ ಇದ್ದರೆ ಮಿನುಗುವ ಬ್ಲಶ್ ಬೇಡ, ಒಂದೊಂದು ಗುಳಿಯೂ ಹೊಳೆದು ತೋರುತ್ತದೆ.

ಮದುಮಗಳ ಲೆಕ್ಕ ಬೇರೆ. ಹಿಂದಿನ ದಿನ ಅರಿಶಿನ ಶಾಸ್ತ್ರ ಆಗಿರುತ್ತದೆ. ಎಷ್ಟು ತೊಳೆದರೂ ಕಿವಿ ಪಕ್ಕ, ಕೂದಲ ಅಂಚಿನಲ್ಲಿ ಹಳದಿ ಉಳಿಯುತ್ತದೆ. ಟ್ರಯಲ್ ದಿನ ಸರಿಯಾಗಿದ್ದ ಗುಲಾಬಿ ಆ ಹಳದಿ ಮೇಲೆ ಕಿತ್ತಳೆಗೆ ತಿರುಗುತ್ತದೆ. ನಾನು ಆ ದಿನ ಬಣ್ಣವನ್ನು ಒಂದು ಹೆಜ್ಜೆ ನೇರಳೆ ಕಡೆ ಸರಿಸುತ್ತೇನೆ. ವೀಡಿಯೊದವರ ಫೋಕಸ್ ಲೈಟು ಅರ್ಧ ಬಣ್ಣ ನುಂಗುತ್ತದೆ, ಹಾಗಾಗಿ ಕನ್ನಡಿಯಲ್ಲಿ ಚೂರು ಹೆಚ್ಚಾಯಿತು ಅನ್ನಿಸುವಷ್ಟು ಇರಬೇಕು. ಹೆಚ್ಚಾಯಿತು ಅಂತ ಅತ್ತೆ, ಚಿಕ್ಕಮ್ಮ ಎಲ್ಲರೂ ಹೇಳುತ್ತಾರೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ತೋರಿಸಿದರೆ ಸುಮ್ಮನಾಗುತ್ತಾರೆ.

ಕ್ರೀಮ್ ಬ್ಲಶ್ಶನ್ನು ಸ್ಕೂಟಿ ಡಿಕ್ಕಿಯಲ್ಲಿ ಇಡಬೇಡಿ, ಕರಗಿ ಎಣ್ಣೆ ಬೇರೆ ಆಗುತ್ತದೆ. ಡಬ್ಬಿ ಮೇಲೆ ಮುಚ್ಚಳ ತೆರೆದ ಚಿತ್ರದಲ್ಲಿ 12ಎಂ ಅಂತಿದ್ದರೆ ತೆರೆದ ಮೇಲೆ 12 ತಿಂಗಳು ಅಂತ. ಪೌಡರ್ ಬ್ಲಶ್ ಗಟ್ಟಿಯಾಗಿ ಬ್ರಷ್ಷಿಗೆ ಹತ್ತದಿದ್ದರೆ ಎಸೆಯುವುದಕ್ಕೆ ಮೊದಲು ಒಂದು ಕೆಲಸ ಮಾಡಿ. ಮುಖದ ಎಣ್ಣೆ ಬ್ರಷ್ಷಿನಿಂದ ಬಂದು ಮೇಲೆ ಪದರ ಕಟ್ಟಿರುತ್ತದೆ. ಸೆಲ್ಲೋಟೇಪ್ ಮೆತ್ತಗೆ ಅಂಟಿಸಿ ಎಳೆಯಿರಿ, ಕೆಳಗಿನ ಪುಡಿ ಸಿಗುತ್ತದೆ.